ಕೈಗಡ ಕೊಡುವ ಕೋಬಾಲ್ಟ್

ಗೋಬರ್ ಗ್ಯಾಸ್ ಒಲೆಗೆ ಕಡ್ಡಿ ಗೀರಿದರೆ ಸಾಕು, ನೀಲಿ ಉರಿ ಏಳುತ್ತದೆ. ಉರಿಯುವುದು ಮೀಥೇನ್. ಇದೇ ಮೀಥೇನ್ ಕಲ್ಲಿದ್ದಲು ಗಣಿಗಳ ಫ್ಯಾನುಗಳಿಂದ ಹಗಲೂ ರಾತ್ರಿ ಆಕಾಶಕ್ಕೆ ಹೋಗುತ್ತಿದೆ. ಆ ಗಾಳಿಯಲ್ಲಿ ಅದರ ಪಾಲು ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಶೇ. 5ರಷ್ಟಾದರೂ ಇಲ್ಲದೆ ಉರಿ ಹತ್ತುವುದಿಲ್ಲ. ಹಾಗಂತ ಸುಮ್ನೆ ಬಿಡುವಂತಿಲ್ಲ. 20 ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 80 ಕಿಲೋ ಕಾರ್ಬನ್ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಕಾಯಿಸುತ್ತದೆ.

ಉರಿಯಿಲ್ಲದೆ ಸುಡಬಹುದೇ? ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ 1812ರಲ್ಲಿ ಇದೇ ಮೀಥೇನ್ ಸ್ಫೋಟವಾಗಿ 92 ಜನ ಸತ್ತರು. ಅಂಥ ಸಾವು ತಪ್ಪಿಸಲು ವಿಜ್ಞಾನಿ ಹಂಫ್ರಿ ಡೇವಿ ಸುರಕ್ಷಿತ ದೀಪ ಮಾಡಿದ. ಅದೇ ಕೆಲಸದ ಬೆನ್ನಲ್ಲೇ ಕಲ್ಲಿದ್ದಲ ಅನಿಲ ಬೆರೆತ ಗಾಳಿಗೆ ಬಿಸಿ ಪ್ಲಾಟಿನಂ ತಂತಿ ಹಿಡಿದ. ಜ್ವಾಲೆಯೇ ಇಲ್ಲ, ಆದರೂ ತಂತಿ ಕೆಂಡದ ಹಾಗೆ ಹೊಳೆಯುತ್ತಲೇ ಇತ್ತು!

ತಂತಿಯ ಮೇಲೆ ಅನಿಲ ಉರಿಯಿಲ್ಲದೆ ಸುಡುತ್ತಿತ್ತು. ಪ್ಲಾಟಿನಂ ಇಲ್ಲಿ ವೇಗವರ್ಧಕ. ಆದರೆ ಪ್ಲಾಟಿನಂ, ಅದರಂಥದೇ ಲೋಹ ಪಲ್ಲಾಡಿಯಂ ತುಂಬಾ ದುಬಾರಿ. ಅದೇ ಕೆಲಸ ಮಾಡುವ ಕಪ್ಪು ಪುಡಿ ಕೋಬಾಲ್ಟ್ ಆಕ್ಸೈಡ್ ಅಗ್ಗ. ವೇಗವರ್ಧಕ ಅಂದರೆ 'ತಾನು ಭಾಗವಹಿಸದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು' ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ, ಅಲ್ವಾ? ತಪ್ಪು. ಕೋಬಾಲ್ಟ್ ಆಕ್ಸೈಡ್ ಮೈಯಿಟ್ಟು ದುಡಿಯುತ್ತದೆ.

ಮೀಥೇನ್ ಎಣ್ಣೆ ಹಚ್ಚಿದ ಕಂಬದ ಹಾಗೆ, ಹಿಡಿಯಲು ಎಲ್ಲೂ ಹಿಡಿಕೆಯಿಲ್ಲ. ಮೊದಲ ಹೈಡ್ರೋಜನ್ ಕೀಳುವುದೇ ಕಷ್ಟ. ಪುಡಿಯ ಮೇಲ್ಮೈಯಲ್ಲಿರುವ ಆಕ್ಸಿಜನ್ ಅದನ್ನು ಕಿತ್ತುಕೊಳ್ಳುತ್ತದೆ. ಉಳಿದ ಕಾರ್ಬನ್ ಕೂಡ ಪುಡಿಯ ಆಕ್ಸಿಜನ್ನನ್ನೇ ಕಟ್ಟಿಕೊಂಡು ಹೊರಡುತ್ತದೆ. ಆಕ್ಸೈಡ್‌ನಲ್ಲಿ ಗುಂಡಿ ಬೀಳುತ್ತದೆ. ಗಾಳಿಯ ಆಕ್ಸಿಜನ್ ಬಂದು ಆ ಗುಂಡಿ ಮುಚ್ಚುತ್ತದೆ. ಇದು ಕೈಗಡ. ಅಥವಾ ಬಾವಿ ಅನ್ನಿ: ನಾವು ಸೇದುವುದು ಬಾವಿಯ ನೀರನ್ನು, ಒಸರು ಅದನ್ನು ಮತ್ತೆ ತುಂಬುತ್ತದೆ. 1954ರಲ್ಲಿ ಡಚ್ ವಿಜ್ಞಾನಿಗಳಾದ ಮಾರ್ಸ್ ಮತ್ತು ವಾನ್ ಕ್ರೆವೆಲೆನ್ ವನೇಡಿಯಂ ಆಕ್ಸೈಡ್‌ನ ವಿಷಯದಲ್ಲಿ ಇದನ್ನೇ ಹೇಳಿದ್ದರು. ಪರೀಕ್ಷೆಯೂ ಸೊಗಸು. ಗಾಳಿಯ ಬದಲು, ಮಾಮೂಲಿ ಆಕ್ಸಿಜನ್‌ಗಿಂತ ಹೆಚ್ಚು ತೂಕದ ಆಕ್ಸಿಜನ್-18 ಹಾಯಿಸಿ. ಮೊದಮೊದಲು ಹೊರಬರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಪುಡಿಯ ಹಗುರ ಆಕ್ಸಿಜನ್ ಸಿಗುತ್ತದೆ.

ವೇಗವರ್ಧಕವಿಲ್ಲದೆಯೂ ಸುಡಬಹುದು. ಆಸ್ಟ್ರೇಲಿಯಾದ ವೆಸ್ಟ್ ಕ್ಲಿಫ್ ಗಣಿಯಲ್ಲಿ 2007ರಲ್ಲಿ ಹಾಗೆಯೇ ಸುಟ್ಟು 6 ಮೆಗಾವಾಟ್ ವಿದ್ಯುತ್ತಿನ ಘಟಕ ಶುರುವಾಯಿತು. ಅದಕ್ಕೆ ಸುಮಾರು 1000 ಡಿಗ್ರಿ ಬಿಸಿ ಬೇಕು. ಕೋಬಾಲ್ಟ್ ಆಕ್ಸೈಡ್‌ಗೆ 400 ಡಿಗ್ರಿ ಆಸುಪಾಸು ಸಾಕು.

ತೊಡಕು ನೀರಿನದು. ಗಣಿಯ ಗಾಳಿಯೇ ತೇವ, ಮೀಥೇನ್ ಸುಟ್ಟಾಗಲೂ ನೀರು ಹುಟ್ಟುತ್ತದೆ. ಆ ಆವಿ ಆಕ್ಸಿಜನ್ ಕೂರಬೇಕಾದ ಗುಂಡಿಗಳಲ್ಲೇ ಹೋಗಿ ಕೂರುತ್ತದೆ, ಕೈಗಡದ ವ್ಯವಹಾರ ನಿಧಾನವಾಗುತ್ತದೆ. ಅದಕ್ಕೇ ಕೋಬಾಲ್ಟ್ ಜೊತೆ ಸೀರಿಯಂ ಆಕ್ಸೈಡ್ ಬೆರೆಸಿ ನೋಡುತ್ತಾರೆ. ಆಕ್ಸಿಜನ್ ಕೊಟ್ಟು ಪಡೆಯುವುದರಲ್ಲಿ ಅದು ಇನ್ನೂ ಧಾರಾಳಿ. ನಮ್ಮ ಕಾರುಗಳ ಹೊಗೆ ಕೊಳವೆಯೊಳಗೆ ಅದು ಆಗಲೇ ಆ ಕೆಲಸ ಮಾಡುತ್ತಿದೆ.