‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿಸಬೇಡಿ

ಬೆಳಗಾವಿ ಅಧಿವೇಶನ ಹತ್ತಿರ ಬಂತೆಂದರೆ ಶಾಸಕರ ಮನೆ ಮುಂದೆ ಮನವಿಪತ್ರ ಹಿಡಿದವರ ಸಾಲು ಬೆಳೆಯುತ್ತದೆ. ‘ಸಾಹೇಬ್ರ, ನಮ್ಮ ಹಳ್ಳದ ಸೇತುವೆ ಬಗ್ಗೆ ಈ ಸಲ ಒಳಗ ಒಂದ ಮಾತ ಕೇಳಿಬಿಡ್ರಿ.’ ಸಾಹೇಬರು ಪತ್ರವನ್ನು ಆಪ್ತ ಸಹಾಯಕನ ಕೈಗೆ ದಾಟಿಸುತ್ತಾರೆ. ಅವನು ಮನವಿಯ ಮೊದಲ ಸಾಲಿನ ಬಾಲಕ್ಕೆ ‘ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ, ಯಾವಾಗ ನಿರ್ಮಿಸಲಾಗುವುದು?’ ಎಂದು ಅಂಟಿಸಿ ವಿಧಾನಸಭೆ ಸಚಿವಾಲಯಕ್ಕೆ ಕಳಿಸುತ್ತಾನೆ. ಉತ್ತರ ಹೇಗೆ ಬರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಅ) ಬಂದಿದೆ. ಆ) ಅನುದಾನದ ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು. ಇನ್ನೂ ಕೆಟ್ಟದ್ದೆಂದರೆ ಅ) ಬಂದಿರುವುದಿಲ್ಲ. ಆ) ಉದ್ಭವಿಸುವುದಿಲ್ಲ.

ಊರಿನವರು ಆ ಉತ್ತರದ ಝೆರಾಕ್ಸ್ ಹಿಡಿದು ಸಚಿವರನ್ನು ಬೈಯುತ್ತಾರೆ. ಸಚಿವರ ತಪ್ಪು ಅಲ್ಲಿ ಅರ್ಧದಷ್ಟೂ ಇರುವುದಿಲ್ಲ. ‘ಬಂದಿದೆ’ ಎಂಬ ಒಂದೇ ಪದದಲ್ಲಿ ಮುಗಿಯುವಂತೆ ಕೇಳಿದ್ದು ನಾವೇ.

ಈ ಉತ್ತರ ಯಾರ ಕೈಯಲ್ಲಿ ತಯಾರಾಗುತ್ತದೆ ಎಂಬುದು ತಿಳಿಯದೆ ಮುಂದಿನದು ಯಾವುದೂ ಹಿಡಿಯುವುದಿಲ್ಲ. ಪ್ರಶ್ನೆ ಅಂಗೀಕಾರವಾದ ಮೇಲೆ ಇಲಾಖೆಯ ಕಾರ್ಯದರ್ಶಿ ಕಚೇರಿಗೆ ಹೋಗುತ್ತದೆ. ಅಲ್ಲಿಂದ ನಿರ್ದೇಶನಾಲಯ ಅಥವಾ ಮುಖ್ಯ ಇಂಜಿನಿಯರ್ ಕಚೇರಿ, ಅಲ್ಲಿಂದ ಜಿಲ್ಲೆ, ಕಡೆಗೆ ತಾಲ್ಲೂಕಿನ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ ಅಥವಾ ವಿಷಯ ನಿರ್ವಾಹಕನ ಮೊಬೈಲಿಗೆ ‘ಎಲ್‌ಎ (ವಿಧಾನಸಭೆ) ಪ್ರಶ್ನೆ, ತುರ್ತು’ ಎಂಬ ತಲೆಬರಹದೊಂದಿಗೆ ಬಂದು ಬೀಳುತ್ತದೆ. ಅವನಿಗೆ ಸಿಗುವ ಸಮಯ ಒಂದೆರಡು ದಿನ. ಪ್ರಶ್ನೆಯಲ್ಲಿ ಅಂಕಿಯ ಕಾಲಂ ಇದ್ದರೆ ರಿಜಿಸ್ಟರ್ ತೆರೆದು ತುಂಬುತ್ತಾನೆ. ಇಲ್ಲದಿದ್ದರೆ ಹಿಂದಿನ ವರ್ಷದ ಉತ್ತರದಲ್ಲಿ ತಾರೀಖು ಬದಲಿಸಿ ಮೇಲಕ್ಕೆ ಕಳಿಸುತ್ತಾನೆ. ಅವನು ಸೋಮಾರಿ ಎಂದು ಹೇಳುತ್ತಿಲ್ಲ; ಗಮನಕ್ಕೆ ಬಂದಿದೆಯೇ ಎಂಬುದಕ್ಕೆ ಯಾವ ಇಲಾಖೆಯೂ ರಿಜಿಸ್ಟರ್ ಇಟ್ಟಿಲ್ಲ. ನಿಮ್ಮ ಪ್ರಶ್ನೆ ಅವನ ಕಪಾಟಿನಲ್ಲಿರುವ ರಿಜಿಸ್ಟರಿನ ಕಾಲಂಗಳಿಗೆ ಹೊಂದಬೇಕು. ಇದೊಂದನ್ನೇ ಎಷ್ಟು ಸಲ ಹೇಳಿದರೂ ಜನ ಮತ್ತೆ ಮನವಿಪತ್ರವನ್ನೇ ತರುತ್ತಾರೆ.

ಆ ಸೇತುವೆಯನ್ನೇ ತೆಗೆದುಕೊಳ್ಳಿ. ಸರ್ಕಾರಿ ಕಾಮಗಾರಿ ಎಂದರೆ ಮೆಟ್ಟಿಲುಗಳ ಸಾಲು. ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕದಲ್ಲಿ ನಮೂದು, ಬಿಲ್ಲು. ಪ್ರತಿ ಮೆಟ್ಟಿಲಿಗೂ ಒಂದು ತಾರೀಖು, ಒಂದು ಆದೇಶ ಸಂಖ್ಯೆ ಇರುತ್ತದೆ. ಹಾಗಾಗಿ ಪ್ರಶ್ನೆ ಹೀಗಿರಲಿ: ‘ಇಂಥ ರಸ್ತೆಯ ಇಂಥ ಕಿಲೋಮೀಟರಿನಲ್ಲಿರುವ ಸೇತುವೆಗೆ ಅಂದಾಜು ಪಟ್ಟಿ ಸಲ್ಲಿಸಿದ ದಿನಾಂಕ ಮತ್ತು ಮೊತ್ತ ಎಷ್ಟು, ಆಡಳಿತಾತ್ಮಕ ಅನುಮೋದನೆಯ ಆದೇಶ ಸಂಖ್ಯೆ ಮತ್ತು ದಿನಾಂಕ ಯಾವುದು, ಅನುಮೋದನೆ ದೊರೆಯದಿದ್ದಲ್ಲಿ ಪ್ರಸ್ತಾವನೆ ಪ್ರಸ್ತುತ ಯಾವ ಕಚೇರಿಯಲ್ಲಿ, ಯಾವ ದಿನಾಂಕದಿಂದ ಬಾಕಿ ಇದೆ?’ ಕೊನೆಯ ಭಾಗಕ್ಕೆ ಜಾರುವ ಉತ್ತರ ಬರೆಯುವುದು ಕಷ್ಟ. ಕಡತ ಎಲ್ಲಿದೆ ಎಂದು ಬರೆದುಕೊಟ್ಟವನೇ ಮರುದಿನ ಅದನ್ನು ಮುಂದಿನ ಮೇಜಿಗೆ ತಳ್ಳಿರುತ್ತಾನೆ. ಎಷ್ಟೋ ಸಲ ಪ್ರಶ್ನೆ ಕೆಲಸ ಮಾಡುವುದು ಸದನಕ್ಕೆ ಬರುವ ಮೊದಲೇ.

ಅಂದಾಜು ಪಟ್ಟಿಯನ್ನೇ ಯಾರೂ ಮಾಡಿಲ್ಲವೆಂದಾದರೆ? ಹಾಗಿದ್ದರೆ ಪ್ರಶ್ನೆ ಬೇಡ. ಮೊದಲು ಇಂಜಿನಿಯರ ಕಚೇರಿಗೆ ಹೋಗಿ ಪಟ್ಟಿ ಮಾಡಿಸಿ.

ಕಬ್ಬಿನ ಬಿಲ್ಲಿನ ಪ್ರಶ್ನೆಯಂತೂ ಪ್ರತಿ ಹಂಗಾಮಿಗೂ ಬರುತ್ತದೆ, ಪ್ರತಿ ಸಲವೂ ಕೆಡುತ್ತದೆ. ‘ಕಾರ್ಖಾನೆಗಳು ರೈತರಿಗೆ ಬಾಕಿ ಉಳಿಸಿಕೊಂಡಿರುವುದು ನಿಜವೇ, ಏನು ಕ್ರಮ ಕೈಗೊಳ್ಳಲಾಗಿದೆ’ ಎಂದು ಕೇಳಿದರೆ ‘ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ತಡವಾದ ಅವಧಿಗೆ ವರ್ಷಕ್ಕೆ ಶೇ 15ರ ಬಡ್ಡಿ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ಅವಕಾಶವೂ ಇದೆ. ಕಾನೂನೇ ಇಷ್ಟು ಚೆಂದದ ಕಾಲಂಗಳನ್ನು ಹಾಕಿಕೊಟ್ಟಿರುವಾಗ ಕೇಳಬೇಕಾದದ್ದು ಇದು: ಜಿಲ್ಲೆಯ ಪ್ರತಿ ಕಾರ್ಖಾನೆ ಈ ಹಂಗಾಮಿನಲ್ಲಿ ನುರಿಸಿದ ಕಬ್ಬು ಎಷ್ಟು ಟನ್, ಕೊಡಬೇಕಾದ ಮೊತ್ತ, ಕೊಟ್ಟ ಮೊತ್ತ, 14 ದಿನ ಮೀರಿ ಪಾವತಿಯಾದದ್ದು ಎಷ್ಟು, ಅದಕ್ಕೆ ಬಡ್ಡಿ ಎಂದು ಕೊಟ್ಟದ್ದು ಎಷ್ಟು, ವಸೂಲಾತಿಗೆ ಜಿಲ್ಲಾಧಿಕಾರಿಗೆ ಆದೇಶ ಹೋಗಿದ್ದರೆ ಅದರ ದಿನಾಂಕ. ಕಾರ್ಖಾನೆವಾರು ಎಂಬ ಪದ ಬಿಟ್ಟರೆ ಜಿಲ್ಲೆಯ ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಬರುತ್ತದೆ, ಬಾಕಿದಾರ ಆ ಒಟ್ಟಿನೊಳಗೆ ಅಡಗಿ ಕೂರುತ್ತಾನೆ. ಬಡ್ಡಿಯ ಕಾಲಂ ಬಿಟ್ಟರೂ ಅಷ್ಟೇ. ಪ್ರಶ್ನೆಯ ಜೀವ ಇರುವುದು ಆ ಕಾಲಂನಲ್ಲಿ.

2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು; ಕೊನೆಗೆ 3,300ಕ್ಕೆ ತೀರ್ಮಾನವಾಯಿತು, ಅದರಲ್ಲಿ 50 ರೂಪಾಯಿ ಸರ್ಕಾರ ಭರಿಸುವುದೆಂದಾಯಿತು. ಅಂಥ ಮಾತು ಪ್ರಶ್ನೆ ಬರೆಯುವವರಿಗೆ ಹಬ್ಬದೂಟ. ಆ 50 ರೂಪಾಯಿಗೆ ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆ, ಯಾವ ಆದೇಶ, ಎಷ್ಟು ರೈತರ ಖಾತೆಗೆ, ಯಾವ ದಿನಾಂಕದಂದು ಜಮೆ? ಈ ನಾಲ್ಕು ಕಾಲಂ ಸಾಕು. ಇನ್ನು ತೂಕದಲ್ಲಿ ಮೋಸವೆಂಬ ದೂರನ್ನು ಸಕ್ಕರೆ ಸಚಿವರ ಹೆಸರಿಗೇ ಬರೆಯುತ್ತಾರೆ. ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್ ಪರಿಶೀಲಿಸಿ ಮುದ್ರೆ ಹಾಕುವುದು ಕಾನೂನು ಮಾಪನಶಾಸ್ತ್ರ ಇಲಾಖೆ, ಅದು ಆಹಾರ ಮತ್ತು ನಾಗರಿಕ ಸರಬರಾಜು ಸಚಿವರ ಕೆಳಗೆ ಬರುತ್ತದೆ. ತಪಾಸಣೆ ನಡೆದ ದಿನಾಂಕ, ಹೂಡಿದ ಮೊಕದ್ದಮೆ, ವಿಧಿಸಿದ ದಂಡ, ಎಲ್ಲ ಅವರ ಬಳಿಯೇ ಇದೆ.

ತಪ್ಪು ವಿಳಾಸದ ಪ್ರಶ್ನೆಗೆ ‘ಸದರಿ ವಿಷಯವು ಬೇರೆ ಇಲಾಖೆಗೆ ಸಂಬಂಧಿಸಿರುತ್ತದೆ’ ಎಂಬ ವರ್ಗಾವಣೆಯ ಚೀಟಿ ಬರುತ್ತದೆ. ಬೆಳಗಾವಿಯಲ್ಲಿ ಅಧಿವೇಶನ ನಡೆಯುವುದೇ ಸಾಮಾನ್ಯವಾಗಿ ಹತ್ತು ದಿನ. ವರ್ಗಾವಣೆ ಮುಗಿಯುವಷ್ಟರಲ್ಲಿ ಎಲ್ಲರೂ ಬೆಂಗಳೂರಿನ ದಾರಿ ಹಿಡಿದಿರುತ್ತಾರೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿಯವರದು. ಹಳ್ಳಿಯ ರಸ್ತೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು. ಆಲಮಟ್ಟಿ ಕಾಲುವೆಯಾದರೆ ಕೃಷ್ಣಾ ಭಾಗ್ಯ ಜಲ ನಿಗಮ, ಘಟಪ್ರಭಾ ಮಲಪ್ರಭಾ ಕಾಲುವೆಯಾದರೆ ಕರ್ನಾಟಕ ನೀರಾವರಿ ನಿಗಮ. ಸಚಿವರು ಒಬ್ಬರೇ ಆದರೂ ನಿಗಮದ ಹೆಸರು ತಪ್ಪಿದರೆ ಉತ್ತರ ಖಾಲಿ ಬರಬಹುದು. ರೈಲು, ರಾಷ್ಟ್ರೀಯ ಹೆದ್ದಾರಿ ಕೇಂದ್ರದ ವಿಷಯ. ಹಾಗೆಂದು ಕೈಚೆಲ್ಲಬೇಕಿಲ್ಲ, ರಾಜ್ಯದ ಪಾಲಿನ ಕೆಲಸವನ್ನಷ್ಟೇ ಕೇಳಿ. ಬಾಗಲಕೋಟೆ–ಕುಡಚಿ ಮಾರ್ಗ ಯಾವಾಗ ಮುಗಿಯುತ್ತದೆ ಎಂದು ರಾಜ್ಯದ ಸಚಿವರನ್ನು ಕೇಳಿ ಪ್ರಯೋಜನವಿಲ್ಲ. ಆ ಮಾರ್ಗಕ್ಕೆ, ಹಾಗೆಯೇ ಕಿತ್ತೂರು ಮೇಲಿನ ಬೆಳಗಾವಿ–ಧಾರವಾಡ ಹೊಸ ಮಾರ್ಗಕ್ಕೆ, ರಾಜ್ಯ ಸ್ವಾಧೀನಪಡಿಸಿಕೊಂಡು ರೈಲ್ವೆಗೆ ಹಸ್ತಾಂತರಿಸಿದ ಜಮೀನು ತಾಲ್ಲೂಕುವಾರು ಎಷ್ಟು ಎಕರೆ, ಬಾಕಿ ಎಷ್ಟು, ಬಾಕಿಗೆ ಕಾರಣವಾದ ಪ್ರಕರಣಗಳು ಯಾವುವು ಎಂದರೆ ಉತ್ತರಿಸಲೇಬೇಕಾಗುತ್ತದೆ.

ನ್ಯಾಯಾಲಯದಲ್ಲಿರುವ ವಿಷಯವೂ ಹಾಗೆಯೇ. ಗಡಿ ವಿವಾದದ ಬಗ್ಗೆ ಮಹಾರಾಷ್ಟ್ರ ಹೂಡಿದ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದರ ಒಳಹೊರಗು ಕೆದಕುವ ಪ್ರಶ್ನೆ ಅಂಗೀಕಾರವಾಗುವುದು ಕಷ್ಟ. ಮಹದಾಯಿ ನದಿ ನೀರಿನ ಹಂಚಿಕೆಯಲ್ಲಿ ನ್ಯಾಯಾಧಿಕರಣ 2018ರ ಆಗಸ್ಟಿನಲ್ಲಿ ಕೊಟ್ಟ ಐತೀರ್ಪು 2020ರ ಫೆಬ್ರುವರಿಯಲ್ಲಿ ರಾಜಪತ್ರದಲ್ಲಿ ಬಂದಿದೆ. ಆ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗೆ 3.9 ಟಿಎಂಸಿ ಎಂಬುದು ಮಲಪ್ರಭೆಯ ದಂಡೆಯ ಮಕ್ಕಳಿಗೂ ಗೊತ್ತು. ಅದನ್ನೇ ಮತ್ತೆ ಕೇಳಿ ಸರದಿ ಹಾಳುಮಾಡಿಕೊಳ್ಳುವ ಬದಲು ಅರಣ್ಯ, ವನ್ಯಜೀವಿ ಅನುಮತಿಗೆ ರಾಜ್ಯ ಸಲ್ಲಿಸಿದ ಅರ್ಜಿಗಳ ದಿನಾಂಕ ಮತ್ತು ಅದಕ್ಕೆ ಬಂದ ಆಕ್ಷೇಪಣೆಗಳನ್ನು ಕೇಳಿ.

ಆಲಮಟ್ಟಿಯ ಮುಳುಗಡೆ ಊರುಗಳವರು ತರುವ ಪ್ರಶ್ನೆ ಒಂದೇ: ಅಣೆಕಟ್ಟೆಯನ್ನು 519.60 ಮೀಟರಿನಿಂದ 524.256 ಮೀಟರಿಗೆ ಯಾವಾಗ ಎತ್ತರಿಸುತ್ತಾರೆ? ಅವರ ಸಂಕಟ ಅರ್ಥವಾಗುತ್ತದೆ. ಮನೆ ಕಟ್ಟುವಂತಿಲ್ಲ, ಹೊಲ ಮಾರುವಂತಿಲ್ಲ, ಮಗಳ ಮದುವೆಗೆ ಸಾಲ ಹುಟ್ಟುವುದಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಶುರುವಾಗುವುದು ಕೃಷ್ಣಾ ನೀರು ಹಂಚಿದ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣದ 2010ರ ತೀರ್ಪಿನಿಂದ, ಮುಗಿಯುವುದು ಕೇಂದ್ರದ ಅಧಿಸೂಚನೆ ಹೊರಬೀಳಬೇಕಿದೆ ಎಂಬಲ್ಲಿಗೆ. ಒಂದು ಪುಟ ತುಂಬುತ್ತದೆ, ಹೊಸದೇನೂ ಇರುವುದಿಲ್ಲ. ನಿಮ್ಮ ಒಂದು ಊರನ್ನು ಹಿಡಿಯಿರಿ. 2013ರ ಭೂಸ್ವಾಧೀನ ಕಾಯ್ದೆಯಡಿ 11(1)ರ ಪ್ರಾಥಮಿಕ ಅಧಿಸೂಚನೆ ಯಾವತ್ತು, 19(1)ರ ಘೋಷಣೆ ಯಾವತ್ತು, ಪರಿಹಾರ ನಿಗದಿಯ ಐತೀರ್ಪು ಆಗಿದೆಯೇ, ಎಷ್ಟು ಎಕರೆಗೆ ಎಷ್ಟು ಹಣ ಬಟವಾಡೆಯಾಗಿದೆ. ಪ್ರಾಥಮಿಕ ಅಧಿಸೂಚನೆಯಾದ 12 ತಿಂಗಳೊಳಗೆ ಘೋಷಣೆ, ಘೋಷಣೆಯಾದ 12 ತಿಂಗಳೊಳಗೆ ಐತೀರ್ಪು ಎಂದು ಕಾಯ್ದೆಯೇ ಹೇಳುತ್ತದೆ. ಅವಧಿ ವಿಸ್ತರಣೆಗೂ ದಾರಿಗಳಿವೆ ಎನ್ನುವುದು ಬೇರೆ ಮಾತು. ತಾರೀಖುಗಳು ಕಾಗದದ ಮೇಲೆ ಬಂದವೆಂದರೆ ವಕೀಲರಿಗೂ ಕೆಲಸ ಹಗುರ. 2025ರ ಸೆಪ್ಟೆಂಬರಿನಲ್ಲಿ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಎಂದು ನಿಗದಿ ಮಾಡಿದ ಮೇಲಂತೂ, ನಿಮ್ಮೂರಿನ ಯಾವ ಸರ್ವೆ ನಂಬರು ಯಾವ ಪಟ್ಟಿಯಲ್ಲಿ ಸೇರಿದೆ ಎಂಬುದನ್ನು ಅನುಬಂಧದಲ್ಲಿ ಕೇಳುವುದು ಎಲ್ಲಕ್ಕಿಂತ ಮುಖ್ಯ.

ವ್ಯಾಪ್ತಿ ಹಿಗ್ಗಿಸುವ ಚಪಲವೂ ಇದೆ. ‘ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಕಳೆದ ಹತ್ತು ವರ್ಷಗಳಲ್ಲಿ’ ಎಂದು ಬರೆದರೆ ಗಟ್ಟಿಯಾಗಿ ಕಾಣುತ್ತದೆ ಎಂಬ ಭ್ರಮೆ. ಉತ್ತರ: ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ.’ ಒಂದು ತಾಲ್ಲೂಕು, ಮೂರು ವರ್ಷ. ಅಷ್ಟಾದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಸಮಯದ ಮಾತು. ಪ್ರಶ್ನೆಯ ನೋಟಿಸಿಗೆ 15 ದಿನದ ಅವಧಿ ಬೇಕು. ಯಾವ ಇಲಾಖೆಗೆ ಯಾವ ದಿನ ಎಂಬ ಹಂಚಿಕೆಯೂ ಮೊದಲೇ ಆಗಿರುತ್ತದೆ. ಸುವರ್ಣ ವಿಧಾನಸೌಧದ ಹೊರಗೆ ಕೊಂಡಸಕೊಪ್ಪದಲ್ಲಿ ಪೆಂಡಾಲ್ ಹಾಕಿ, ಸಂಜೆ ಶಾಸಕರನ್ನು ಕರೆಸಿ ‘ನಾಳೆ ಪ್ರಶ್ನೋತ್ತರದಾಗ ಕೇಳ್ರಿ’ ಎಂದರೆ ಅವರು ತಲೆ ಆಡಿಸುತ್ತಾರೆ, ಅಷ್ಟೇ. ಬಾಗಿಲು ಮುಚ್ಚಿ ದಿನಗಳಾಗಿರುತ್ತವೆ. ಆ ಹೊತ್ತಿಗೆ ಉಳಿಯುವುದು ಶೂನ್ಯ ವೇಳೆ, ನಿಯಮ 73ರ ಗಮನ ಸೆಳೆಯುವ ಸೂಚನೆ, ಪರಿಷತ್ತಿನಲ್ಲಾದರೆ ನಿಯಮ 330ರ ವಿಷಯ ಪ್ರಸ್ತಾಪ. ಬೇಡಿಕೆ, ಸಂಕಟ, ಸಿಟ್ಟು ಎಲ್ಲಕ್ಕೂ ಅಲ್ಲಿ ಜಾಗವಿದೆ. ನೇರವಾಗಿ ಮನವಿಯನ್ನೇ ಕೊಡಬೇಕೆಂದರೆ ವಿಧಾನಸಭೆಯ ಅರ್ಜಿಗಳ ಸಮಿತಿಯೂ ಇದೆ; ಅದರ ಹೆಸರು ಕೇಳಿದವರೇ ಕಡಿಮೆ.

ಚುಕ್ಕೆ ಗುರುತಿನ ಪ್ರಶ್ನೆಗೇ ಹಟ ಹಿಡಿಯುವವರಿಗೂ ಒಂದು ಮಾತು. ಸಚಿವರು ಎದ್ದುನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು, ಟಿವಿಯಲ್ಲಿ ಬರುತ್ತದೆ, ನಿಜ. ಆದರೆ ಅದು ಲಾಟರಿಯಲ್ಲಿ ಬರಬೇಕು, ಬಂದರೂ ಪ್ರಶ್ನೋತ್ತರದ ವೇಳೆಯಲ್ಲಿ ಸರದಿ ಮುಟ್ಟಬೇಕು, ಗದ್ದಲವಾದರೆ ಕಲಾಪವೇ ಇಲ್ಲ. ಉದ್ದದ ಪಟ್ಟಿ ಬೇಕಾದವರಿಗೆ ಚುಕ್ಕೆ ರಹಿತ ಪ್ರಶ್ನೆಯೇ ಲೇಸು: ಲಿಖಿತ ಉತ್ತರ, ಅನುಬಂಧ ಸಹಿತ. ಚುಕ್ಕೆ ಗುರುತು ಸಿಕ್ಕೇಬಿಟ್ಟರೆ ಲಿಖಿತ ಉತ್ತರ ಕೈಗೆ ಬಂದ ಕೂಡಲೇ ಅದರಲ್ಲಿ ಖಾಲಿ ಬಿಟ್ಟ ಕಾಲಂ ಹುಡುಕಿ, ಉಪಪ್ರಶ್ನೆ ಅದರ ಮೇಲೆ ಒಂದೇ ಇರಲಿ. ಭಾಷಣ ಮಾಡಿದರೆ ಸಚಿವರೂ ಭಾಷಣವನ್ನೇ ಮಾಡುತ್ತಾರೆ, ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆಯುತ್ತಾರೆ. ಮರುದಿನ ‘ಗುಡುಗಿದ ಶಾಸಕ’ ಎಂದು ಪತ್ರಿಕೆಯಲ್ಲಿ ಬರಬಹುದು. ಹಳ್ಳದ ನೀರು ಇಳಿಯುವುದಿಲ್ಲ.

ಶಾಸಕರು ಸಚಿವರೇ ಆಗಿದ್ದರೆ ಪ್ರಶ್ನೆ ಕೇಳುವಂತಿಲ್ಲ. ಆಗ ಪರಿಷತ್ತಿನ ಸದಸ್ಯರ ಬಳಿ ಹೋಗಿ. ಬೆಳಗಾವಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಇಬ್ಬರು, ವಿಜಯಪುರ–ಬಾಗಲಕೋಟೆಗೆ ಇಬ್ಬರು, ಜೊತೆಗೆ ವಾಯವ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರದವರು ಇದ್ದಾರೆ. ಅವರ ಮನೆ ಮುಂದೆ ಸಾಲು ಚಿಕ್ಕದು.

ಪ್ರಶ್ನೆಯನ್ನು ಒಪ್ಪುವುದು, ತಿದ್ದುವುದು, ತಿರಸ್ಕರಿಸುವುದು ಸಭಾಧ್ಯಕ್ಷರ ಅಧಿಕಾರ. ವಾದ, ವ್ಯಂಗ್ಯ, ಆರೋಪ, ಊಹೆ ಇದ್ದರೆ ತಿರಸ್ಕಾರಕ್ಕೆ ನೀವೇ ಕಾರಣ ಒದಗಿಸಿದಂತೆ. ‘ಭ್ರಷ್ಟ ಗುತ್ತಿಗೆದಾರ’ ಎಂದು ಬರೆಯಬೇಡಿ, ಗುತ್ತಿಗೆದಾರರ ಹೆಸರು ಮತ್ತು ಪಾವತಿಸಿದ ಮೊತ್ತ ಕೇಳಿ.

ಉತ್ತರ ಬಂದ ಮೇಲೆ ಅದನ್ನು ಕಪಾಟಿಗೆ ಸೇರಿಸಬೇಡಿ. ‘ಮಾಡಲಾಗುವುದು’ ಎಂದು ಸಚಿವರು ಸದನದಲ್ಲಿ ಹೇಳಿದ್ದರೆ ಸರ್ಕಾರಿ ಭರವಸೆಗಳ ಸಮಿತಿಗೆ ಶಾಸಕರ ಸಹಿಯಲ್ಲಿ ಪತ್ರ ಹೋಗಲಿ. ಮುಂದಿನ ಅಧಿವೇಶನಕ್ಕೆ ಹಳೆಯ ಉತ್ತರದ ಮೇಲೆಯೇ ಹೊಸ ಪ್ರಶ್ನೆ ಕಟ್ಟಿ: ‘ಇಂಥ ದಿನಾಂಕದ ಚುಕ್ಕೆ ರಹಿತ ಪ್ರಶ್ನೆ ಸಂಖ್ಯೆ ಇಷ್ಟಕ್ಕೆ ನೀಡಿದ ಉತ್ತರದಲ್ಲಿ ಟೆಂಡರ್ ಹಂತದಲ್ಲಿದೆ ಎಂದು ತಿಳಿಸಲಾಗಿದ್ದು, ಟೆಂಡರ್ ಅಂಗೀಕರಿಸಿದ ದಿನಾಂಕ ಯಾವುದು?’ ಇಂಥ ಎರಡನೆಯ ಪ್ರಶ್ನೆಗೆ ತಾಲ್ಲೂಕು ಕಚೇರಿ ನಿಜಕ್ಕೂ ಹೆದರುತ್ತದೆ, ಹಳೆಯ ಉತ್ತರಕ್ಕೆ ಸಹಿ ಹಾಕಿದವರು ಇನ್ನೂ ಅದೇ ಕುರ್ಚಿಯಲ್ಲಿ ಇರಬಹುದು.

ಡಿಸೆಂಬರಿನ ಅಧಿವೇಶನಕ್ಕೆ ಪ್ರಶ್ನೆ ಬೇಕಾದವರು ದೀಪಾವಳಿಯ ಆಸುಪಾಸಿಗೇ ಬನ್ನಿ. ಬರುವಾಗ ರಸ್ತೆಯ ದರ್ಜೆ, ಸರ್ವೆ ನಂಬರು, ಇಲಾಖೆಯಿಂದ ಬಂದ ಕೊನೆಯ ಪತ್ರದ ಝೆರಾಕ್ಸ್ ಇರಲಿ. ಹಾರ, ಶಾಲು ಬೇಡ.