ಕ್ಲೌಡಲ್ಲಿ ಇದೆಯಲ್ಲ ಅಂತ ಡಿಲೀಟ್ ಮಾಡಬೇಡಿ

ಲ್ಯಾಪ್‌ಟಾಪಿನ ಸಿ ಡ್ರೈವ್ ತುಂಬಿ ಕೆಂಪಾದ ಕೂಡಲೇ ಜನ ಮೊದಲು ಕೈ ಹಾಕುವುದು ಫೋಟೋಗಳಿಗೆ. ಶಿವಮೊಗ್ಗದ ನನ್ನ ರಿಪೇರಿ ಅಂಗಡಿಗೆ ಇದೇ ತೊಂದರೆ ಮತ್ತೆ ಮತ್ತೆ ಬರುತ್ತದೆ. ಡೌನ್‌ಲೋಡ್ಸ್, ರಿಸೈಕಲ್ ಬಿನ್ ಖಾಲಿ ಮಾಡುವುದು ನಿಮಗೆ ಗೊತ್ತೇ ಇದೆ. ನಾನು ಹೇಳಬೇಕಿರುವುದು ಒನ್‌ಡ್ರೈವ್ ವಿಷಯ, ಅಂದರೆ ನಮ್ಮ ಫೈಲುಗಳನ್ನು ಇಂಟರ್ನೆಟ್ಟಲ್ಲಿ, ಅಂದರೆ ಕ್ಲೌಡಲ್ಲಿ, ಇಡುವ ಮೈಕ್ರೋಸಾಫ್ಟಿನ ಸೇವೆ.

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಿವೃತ್ತ ಟೀಚರ್ ಒಬ್ಬರು ಬಂದಿದ್ದರು. ಲ್ಯಾಪ್‌ಟಾಪಿಗೆ ಎರಡು ಪ್ಲಾಸ್ಟಿಕ್ ಕವರ್, ಮೇಲೊಂದು ಟವೆಲ್ ಸುತ್ತಿದ್ದರು. "ಕ್ಲೌಡಲ್ಲಿ ಇರತ್ತಲ್ಲ ಅಂತ ಪಿಕ್ಚರ್ಸ್ ಫೋಲ್ಡರ್ ಪೂರ್ತಿ ಅಳಿಸಿದೆ ತಮ್ಮಾ. ಈಗ ಅಲ್ಲೂ ಇಲ್ಲ" ಅಂದರು.

ಅಲ್ಲೂ ಇರುವುದಿಲ್ಲ. ಒನ್‌ಡ್ರೈವ್ ಫೋಲ್ಡರ್ ಅಂದರೆ ಎರಡನೇ ಪ್ರತಿ ಅಲ್ಲ. ಒಂದೇ ಬಾವಿಗೆ ಎರಡು ಕಡೆ ರಾಟೆ ಹಾಕಿದ ಹಾಗೆ ಅದು. ಈ ಕಡೆಯಿಂದ ಸೇದಿದರೂ ಆ ಕಡೆಯ ನೀರೇ ಕಡಿಮೆಯಾಗುತ್ತದೆ. ಲ್ಯಾಪ್‌ಟಾಪಲ್ಲಿ ಅಳಿಸಿದ್ದು ಕ್ಲೌಡಲ್ಲೂ ಅಳಿಸಿಹೋಗುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಷ್ಟೋ ಸಲ ನಮ್ಮ ಗಮನಕ್ಕೆ ಬಾರದೆ ಒನ್‌ಡ್ರೈವ್ ಒಳಗೆ ಸೇರಿರುತ್ತವೆ. ಫೋಲ್ಡರ್ ತೆರೆದು ಮೇಲಿನ ವಿಳಾಸ ನೋಡಿ. ಅಲ್ಲಿ ಒನ್‌ಡ್ರೈವ್ ಅಂತ ಇದ್ದರೆ ಡಿಲೀಟ್ ಒತ್ತಬೇಡಿ.

ಅದರ ಬದಲು ಆ ಫೈಲ್ ಅಥವಾ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಒತ್ತಿ. ಕೆಲವು ವಿಂಡೋಸ್‌ಗಳಲ್ಲಿ ಅದು ಒನ್‌ಡ್ರೈವ್ ಮೆನುವಿನೊಳಗೆ ಇರುತ್ತದೆ. ಫೈಲಿನ ಹೆಸರು ಉಳಿಯುತ್ತದೆ, ಹಸಿರು ಗುರುತು ಹೋಗಿ ನೀಲಿ ಮೋಡ ಬರುತ್ತದೆ, ಡ್ರೈವಲ್ಲಿ ಜಾಗ ಸಿಗುತ್ತದೆ. ಆದರೆ ಸುಮ್ನೆ ನಂಬಬೇಡಿ. ಉಚಿತ ಖಾತೆಗೆ ಸಿಗುವುದು 5 ಜಿಬಿ ಮಾತ್ರ. ಅದು ತುಂಬಿದ ಮೇಲೆ ಹೊಸ ಫೋಟೋ ಕ್ಲೌಡಿಗೆ ಹೋಗುವುದೇ ಇಲ್ಲ. ಬ್ರೌಸರಲ್ಲಿ ಲಾಗಿನ್ ಆಗಿ, ಫೋಟೋ ಅಲ್ಲಿದೆಯಾ ಅಂತ ಕಣ್ಣಾರೆ ನೋಡಿ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಅಲ್ಲಿನವರನ್ನು ಕೇಳದೆ ಏನೂ ಮಾಡಬೇಡಿ.

ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ನೀಲಿ ಮೋಡದ ಫೈಲ್ ತೆರೆಯಲು ನೆಟ್ ಬೇಕು. ಜುಲೈ ಮಳೆಗೆ ಕರೆಂಟ್ ಹೋಗಿ, ಅದರ ಹಿಂದೆಯೇ ನೆಟ್‌ವರ್ಕೂ ಹೋದರೆ ತೋಟದ ಪಹಣಿ, ಬ್ಯಾಂಕ್ ಕಾಗದ ಯಾವುದೂ ತೆರೆಯುವುದಿಲ್ಲ. ಅಂಥವನ್ನು ಲ್ಯಾಪ್‌ಟಾಪಲ್ಲೇ ಇಟ್ಟುಕೊಳ್ಳಿ, ಅವು ತಿನ್ನುವ ಜಾಗ ಕಡಿಮೆ. ಮದುವೆ ವೀಡಿಯೋಗಳೇ ಜಾಸ್ತಿ ತಿನ್ನುವುದು. ಅವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಅಲ್ಲಿ ಒಂದೆರಡು ತೆರೆದು ನೋಡಿ, ಆಮೇಲೆ ಅಳಿಸಿ.

ಟೀಚರ್ ಅಳಿಸಿ 12 ದಿನ ಆಗಿತ್ತು. ಸ್ವಂತ ಖಾತೆಯಾದರೆ ಒನ್‌ಡ್ರೈವ್ ವೆಬ್‌ಸೈಟಿನ ರಿಸೈಕಲ್ ಬಿನ್ನಲ್ಲಿ ಅಳಿಸಿದ್ದು ಸಾಮಾನ್ಯವಾಗಿ 30 ದಿನ ಇರುತ್ತದೆ. ಆ ಗಡುವು ದಾಟಿದ ಮೇಲೆ ಬಂದವರಿಗೆ ನಾನು ಮಾತು ಕೊಡುವುದಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುವ ಎಸ್‌ಎಸ್‌ಡಿ ಡ್ರೈವಿನಿಂದ ಅಳಿಸಿದ್ದು ವಾಪಸ್ ಸಿಗುವುದು ಬಹಳ ಕಷ್ಟ. ಟೀಚರ್ ಫೋಟೋಗಳು ವೆಬ್‌ಸೈಟಿನ ಬಿನ್ನಲ್ಲೇ ಇದ್ದವು. ಒಂದೊಂದೇ ಇಳಿದು ಬರುವಾಗ, ತೀರಿಕೊಂಡ ಯಜಮಾನರು ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದ ಫೋಟೋ ಕಂಡಿತು. ಟೀಚರ್ ಸೆರಗಿನ ತುದಿಯಿಂದ ಸ್ಕ್ರೀನ್ ಒರೆಸಿದರು. "ಇದೊಂದು ಮೊದಲು ಹಾರ್ಡ್ ಡಿಸ್ಕಿಗೆ ಹಾಕಿಬಿಡು ತಮ್ಮಾ, ಉಳಿದಿದ್ದು ಆಮೇಲೆ" ಅಂದರು.