ಬೆಕ್ಕು, ನಾಯಿ ಸೂರಿನಿಂದ ಬಿದ್ದಿದ್ದು ನಿಜವೇ?

ಪ್ರಶ್ನೆ: ಜೋರು ಮಳೆಗೆ ಇಂಗ್ಲಿಷಿನಲ್ಲಿ ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅಂತಾರಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಹುಲ್ಲಿನ ಸೂರಿನ ಮೇಲೆ ಮಲಗಿದ್ದ ಬೆಕ್ಕು, ನಾಯಿ ಮಳೆಗೆ ಜಾರಿ ಬೀಳುತ್ತಿದ್ದವಂತೆ. ಹೌದಾ?
– ಸಿರುಗುಪ್ಪದ ಓದುಗರೊಬ್ಬರು

ಅಲ್ಲ. ಮುಂಗಾರು ಶುರುವಾದರೆ ಸಾಕು, ಈ ಕಥೆ ವಾಟ್ಸಾಪ್‌ನಲ್ಲಿ ಚಿಗುರುತ್ತದೆ, ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಎಷ್ಟು ಸಲ ಉತ್ತರ ಬರೆದೆನೋ, ಲೆಕ್ಕ ಬಿಟ್ಟಿದ್ದೇನೆ. ಧೋ ಎಂದು ಸುರಿಯುವ ಮಳೆ, ಅಷ್ಟೇ ಅದರ ಅರ್ಥ.

ನೀವು ಭತ್ತದ ಸೀಮೆಯವರು. ಹುಲ್ಲಿನ ವಿಷಯ ನಿಮಗೆ ನಾನು ಹೇಳಬೇಕಾ? ರಾತ್ರಿಯಿಡೀ ಮಳೆ ಹೊಡೆದ ಮೇಲೆ ಬಣವೆಗೆ ಕೈ ಹಾಕಿ ನೋಡಿ. ಮೇಲೆ ನಾಲ್ಕು ಬೆರಳು ನೆನೆದಿರುತ್ತದೆ. ಒಳಗಿನಿಂದ ಹಿರಿದರೆ ಒಣ ಹುಲ್ಲೇ ಬರುತ್ತದೆ. ಇಂಗ್ಲೆಂಡಿನ ಸೂರೂ ಹಾಗೇ. ದಪ್ಪಗೆ, ಇಳಿಜಾರಾಗಿ ಹೊದಿಸುತ್ತಾರೆ. ನೀರು ಮೇಲಿಂದಲೇ ಜಾರಿ ಹೋಗುತ್ತದೆ. ಒಳಗೆ ಇಲಿ ಇರಬಹುದು, ಗುಬ್ಬಿ ಇರಬಹುದು. ನಾಯಿ ಯಾಕೆ ಹತ್ತುತ್ತದೆ? ಅದೂ ಮಳೆಯಲ್ಲಿ? ನಮ್ಮ ಓಣಿಯ ನಾಯಿ ನಾಲ್ಕು ಹನಿ ಬೀಳುವಷ್ಟರಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕೆಳಗೆ ಸೇರಿಕೊಂಡಿರುತ್ತದೆ. ಇಂಗ್ಲೆಂಡಿನ ನಾಯಿಗೆ ಅಷ್ಟೂ ಬುದ್ಧಿ ಇರಲಿಲ್ವಾ?

ಈ ಕಥೆಯನ್ನು ಹರಡಿದ್ದು 1999ರಲ್ಲಿ ಊರೆಲ್ಲ ಸುತ್ತಿದ ಒಂದು ಇಮೇಲ್. 1500ರ ಕಾಲದ ಬದುಕು ಹೀಗಿತ್ತು ಅಂತ ಅದರಲ್ಲಿ ಇಂಥವೇ ಹತ್ತಾರು ಬುರುಡೆಗಳಿದ್ದವು. ಮಾತು ಮಾತ್ರ ಆ ಇಮೇಲ್‌ಗಿಂತ ಎಷ್ಟೋ ಹಳೆಯದು. 1653ರಲ್ಲಿ ಅಚ್ಚಾದ ರಿಚರ್ಡ್ ಬ್ರೋಮ್‌ನ ನಾಟಕದಲ್ಲಿ ಸುರಿಯುವುದು ನಾಯಿ ಮತ್ತು ಪೋಲ್‌ಕ್ಯಾಟ್. ಅದು ಬೆಕ್ಕೇ ಅಲ್ಲ, ಮುಂಗುಸಿಯಂಥ ಪ್ರಾಣಿ! ಈಗಿನ ರೂಪದಲ್ಲಿ ಅದು ಲೇಖಕ ಜೊನಾಥನ್ ಸ್ವಿಫ್ಟ್‌ನ ಪುಸ್ತಕದಲ್ಲಿ ಅಚ್ಚಾದದ್ದು 1738ರಲ್ಲಿ. ಸೂರಿನ ಮಾತು ಇಬ್ಬರಲ್ಲೂ ಇಲ್ಲ.

ನಾವೂ ‘ಮುಸಲಧಾರೆ’ ಅನ್ನುತ್ತೇವೆ. ಮುಸಲ ಅಂದರೆ ಒನಕೆ. ಯಾರ ಅಟ್ಟದಿಂದ ಒನಕೆ ಬಿತ್ತು ಅಂತ ಇದುವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಟ್ಯೂಷನ್ ಮಕ್ಕಳ ಪ್ರಬಂಧದಲ್ಲಿ ನನ್ನ ಕೆಂಪು ಪೆನ್ನು ಸವೆಯುವುದು ಇಲ್ಲೇ: ‘ರೈನ್ ಈಸ್ ಕಮಿಂಗ್ ಲೈಕ್ ಕ್ಯಾಟ್ಸ್ ಅಂಡ್ ಡಾಗ್ಸ್’. ‘ಮಳೆ ಬರುತ್ತಿದೆ’ ಅನ್ನುವುದನ್ನೇ ಎತ್ತಿ ಇಂಗ್ಲಿಷಿಗೆ ಇಟ್ಟಿದ್ದಾರೆ. ಮೇಲೆ, ನಮ್ಮ ‘ಹಾಗೆ’ಗೆ ಬದಲಾಗಿ ಒಂದು ‘ಲೈಕ್’. ಬೆಕ್ಕು, ನಾಯಿ ನಡೆದು ಬರುವ ಹಾಗೆ ಮಳೆ ಬರುತ್ತಿದೆ ಎಂದಾಯಿತು! ‘ಇಟ್ಸ್ ರೈನಿಂಗ್’ ಅಂತ ಶುರು ಮಾಡಿ, ‘ಲೈಕ್’ ಬಿಟ್ಟುಬಿಡಿ, ಸಾಕು. ತುಂತುರು ಮಳೆಗೂ ಇದನ್ನು ಬಳಸಬೇಡಿ. ನಮ್ಮ ರಾಯಚೂರಿನಲ್ಲಿ ವರ್ಷಕ್ಕೆ ಎರಡು ಸಲ ಬಳಸುವ ಅವಕಾಶ ಸಿಕ್ಕರೆ ಅದೇ ಜಾಸ್ತಿ.